ಒಂದು ತುಂಡು ಚಪಾತಿ

ಛತ್ರಪತಿ ಸಂಭಾಜಿನಗರ
22 ಜನವರಿ 2025, ಬುಧವಾರ

ಪ್ರೀತಿಯ ವಸುಧಕ್ಕನಿಗೆ ಗುಣವತಿಯ ನಮಸ್ಕಾರಗಳು.

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಬೈಸಿಕೊಳ್ಳುತ್ತೇನೆ. ‘ನಾವೆಲ್ಲ ಸೌಖ್ಯ’ ಎಂದು ಶುರು ಮಾಡುವ ಅಭ್ಯಾಸ ಈ ಕೈಗೆ ಇದೆ, ಇವತ್ತು ಆ ಸಾಲು ಬರೆಯಲು ಆಗುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಯ ಸಂಗತಿ ನಿನಗೇ ಗೊತ್ತು. ನಾನು ಇಲ್ಲಿಂದ ಕಿರುಚುವುದು, ನೀನು ಬಾರಕೂರಿನಿಂದ ‘ಹಾಂ? ಎಂತ?’ ಎನ್ನುವುದು, ಆಸ್ಪತ್ರೆಯ ಅರ್ಧ ಜನಕ್ಕೆ ನಮ್ಮ ಮನೆಯ ಸುದ್ದಿ ತಿಳಿಯುವುದು. ಅದೆಲ್ಲ ಬೇಡವೆಂದು ನಮ್ಮ ಬೀಗರು ಚನಬಸಪ್ಪನವರ ಹಳೆಯ ಡೈರಿಯಿಂದ ಹಾಳೆ ಹರಿದು ಬರೆಯಲು ಕೂತಿದ್ದೇನೆ.

ಶ್ರೀಜಾಳಿಗೆ, ನಮ್ಮ ಯತಿರಾಜನ ಮಗಳಿಗೆ, ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಎದೆಯ ಆಪರೇಷನ್. ನಾಲ್ಕು ವರ್ಷದ ಮಗು, ಅಕ್ಕ. ಹದಿಮೂರು ಕಿಲೋ ತೂಕ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೇಗೆ ಮುಗಿದಿರುತ್ತದೆ ಎಂದು ಬರೆಯುವ ನನಗೆ ಗೊತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಹುಟ್ಟಿದಾಗಿನಿಂದ ಆ ಮಗುವಿನ ಉಸಿರಿಗೆ ಒಂದು ಸದ್ದಿತ್ತು. ಮಲಗಿದರೆ ಗೊರಗೊರ, ಅತ್ತರೆ ಇನ್ನೂ ಜಾಸ್ತಿ. ದಮ್ಮು ಎಂದರು. ಆವಿ ಕೊಡಿಸಿದರು, ಬಾಯಿಗೆ ಒತ್ತುವ ಪಂಪು ಕೊಟ್ಟರು. ಏನೂ ಇಳಿಯಲಿಲ್ಲ. ಎರಡು ವರ್ಷ ತುಂಬಿದಾಗ ಒಬ್ಬ ವೈದ್ಯರಿಗೆ ಸಂಶಯ ಬಂದು ಹೃದಯದ ಎಕೋ ಮಾಡಿಸಿದರು. ಕೋಣೆಗಳು ಸರಿ, ಕವಾಟಗಳು ಸರಿ ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ನಾನು ಗೆದ್ದು ಬಂದವಳ ಹಾಗೆ ಮನೆಗೆ ಬಂದೆ.

ಊಟದ್ದು ಬೇರೆಯೇ ಕಥೆ. ಒಂದು ಇಡ್ಲಿಗೆ ಒಂದು ಗಂಟೆ. ಅದನ್ನೂ ಸಾಂಬಾರಿನಲ್ಲಿ ಮುಳುಗಿಸಿ ಹಿಸುಕಬೇಕು. ನಮ್ಮದು ಹೋಟೆಲಿನ ಮನೆ, ನಿನಗೆ ಗೊತ್ತಲ್ಲ. ನಾಸಿಕ್‌ನ ಅಂಬಡ್ ಕಾರ್ಖಾನೆಗಳ ಮೊದಲ ಪಾಳಿಯವರಿಗೆಂದು ಬೆಳಿಗ್ಗೆ ಐದಕ್ಕೆ ಏರಿದ ಇಡ್ಲಿ ಪಾತ್ರೆ ಸಂಜೆಯವರೆಗೆ ಇಳಿಯುವುದಿಲ್ಲ. ಇಡ್ಲಿ ಇಲ್ಲದಿದ್ದರೆ ಗಂಜಿ, ಗಂಜಿ ಇಲ್ಲದಿದ್ದರೆ ಸಾರನ್ನ. ಕೈ ಚಾಚಿದರೆ ಮೆತ್ತಗಿನದು ಸಿಗುವ ಮನೆಯಲ್ಲಿ ಮಗು ಚಪಾತಿ ಮುಟ್ಟುವುದಿಲ್ಲ ಎನ್ನುವುದು ಯಾರಿಗೂ ಕಾಯಿಲೆಯಾಗಿ ಕಾಣಲಿಲ್ಲ. ನಮ್ಮ ಮನೆಯ ಗಂಟಲೇ ಇಡ್ಲಿಯ ಗಂಟಲು ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಬೇರೆ ಯಾರ ಮನೆಯಲ್ಲಿ ಹುಟ್ಟಿದ್ದರೂ ಒಂದು ವರ್ಷದೊಳಗೆ ಗೊತ್ತಾಗುತ್ತಿತ್ತು ಎಂದು ಈಗ ವೈದ್ಯರೇ ಹೇಳುತ್ತಾರೆ.

ಗೊತ್ತಾದದ್ದು ಸೊಸೆಗೆ. ದೀಕ್ಷಿತಾ ಬಾಗಲಕೋಟೆ ಕಡೆಯವಳು, ರೊಟ್ಟಿ ತಿಂದು ಬೆಳೆದವಳು. ಅವಳು ಶಾಲೆಯ ಡಬ್ಬಿಗೆ ರೊಟ್ಟಿ ಹಾಕುವುದು, ಅದು ಹಾಗೆಯೇ ವಾಪಸು ಬರುವುದು, ನಾನು ನಗುವುದು ನಡೆದೇ ಇತ್ತು.

“ಅತ್ತಿ, ಕೂಸು ರೊಟ್ಟಿ ಚೂರು ಕೆನ್ನ್ಯಾಗ ಇಟ್ಕೊಂಡು ಕುಂದರ್ತೈತ್ರಿ. ಇದು ಹಟ ಅಲ್ರಿ, ಆಕಿಗೆ ನುಂಗಾಕ ಆಗವಲ್ದು,” ಎಂದು ಒಂದು ದಿನ ಹೇಳಿದಳು.

“ಎಂತ ರೊಟ್ಟಿ ರೊಟ್ಟಿ ಅಂತ ಹೇಳ್ತಿ ಮಾರಾಯ್ತಿ? ನಮ್ಮ ಮಕ್ಕಳೆಲ್ಲ ಇಡ್ಲಿ ತಿಂದೇ ಬೆಳೆದದ್ದು. ನಿಂಗೆ ಕೂತು ಊಟ ಮಾಡಿಸುವ ತಾಳ್ಮೆ ಇಲ್ಲ ಅಂತ ಹೇಳು,” ಎಂದೆ.

ದೀಕ್ಷಿತಾ ಈಗ ಐದು ತಿಂಗಳ ಬಸುರಿ. ಡಿಸೆಂಬರ್ ಕೊನೆಯ ವಾರ ಯತಿರಾಜ ಅವಳನ್ನು ಸೋನೋಗ್ರಫಿಗೆಂದು ಕರೆದುಕೊಂಡು ಹೋದ ಹೊತ್ತಿನಲ್ಲಿ ಶ್ರೀಜಾ ಮನೆಯಲ್ಲಿ ನನ್ನ ಜೊತೆ ಇದ್ದಳು. ಆಟವಾಡುತ್ತ ಚಪಾತಿಯ ತುಂಡು ಬಾಯಿಗೆ ಹಾಕಿಕೊಂಡಳು, ಅದು ಸಿಕ್ಕಿಕೊಂಡಿತು. ತುಟಿ ನೀಲಿಯಾಯಿತು. ಎತ್ತಿಕೊಂಡು ಓಡಿದೆ. ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಬಾಯಿಯಿಂದ ದುರ್ಬೀನು ಇಳಿಸಿ ತೆಗೆದರು. ಇದಕ್ಕೆ ಮುಂಚೆ ಚಪಾತಿ ತಿನ್ನುತ್ತಿದ್ದಳೇ ಎಂದು ಆ ವೈದ್ಯರು ಕೇಳಿದರು, ತಿನ್ನುತ್ತಿದ್ದಳು ಎಂದೆವು. ಆತುರದಲ್ಲಿ ನುಂಗಿದ್ದು, ಚಿಂತೆ ಬೇಡ ಎಂದು ಚೀಟಿ ಬರೆದು ಮನೆಗೆ ಕಳಿಸಿದರು.

ಮೂರು ವಾರ ಕಳೆಯಿತು. ಮಗು ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಸಾರನ್ನವೂ ಹಿಂದಕ್ಕೆ ಬರತೊಡಗಿತು. ಹೋದ ಶುಕ್ರವಾರ ಶಾಲೆಯಲ್ಲಿ ಅಳುತ್ತ ಅಳುತ್ತ ಉಸಿರು ಕಟ್ಟಿ ಬಿದ್ದಳು. ಟೀಚರ್ ಫೋನ್ ಮಾಡಿದಾಗ ದೀಕ್ಷಿತಾ ನನ್ನ ಕಡೆ ಒಂದು ಸಲ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶನಿವಾರ ನಾಸಿಕ್‌ನಲ್ಲೇ ಡಾಕ್ಟರ್ ಪ್ರಾಚಿ ಎಂಬುವರ ಹತ್ತಿರ ಹೋದೆವು. ಎಕ್ಸ್‌ರೇ, ಸ್ಕ್ಯಾನ್ ಓದುವ ಡಾಕ್ಟರು, ಚಿಕ್ಕ ಪ್ರಾಯ. ಹಳೆಯ ಎಕ್ಸ್‌ರೇಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದರು. ಸುಣ್ಣದ ನೀರಿನಂಥ ಬಿಳಿ ಔಷಧವನ್ನು ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತ, ಅದು ಅನ್ನನಾಳದಲ್ಲಿ ಇಳಿಯುವುದನ್ನು ಪರದೆಯ ಮೇಲೆ ನೋಡುತ್ತ ಹೋದರು. ಬಿಳಿ ಗೆರೆ ನೇರ ಇಳಿದು ಬಂದು, ಎದೆಯ ಮೇಲ್ಭಾಗದಲ್ಲಿ ಒಂದು ಕಡೆ ಥಟ್ಟನೆ ಸಣ್ಣಗಾಗುತ್ತಿತ್ತು. ಎರಡೂ ಬದಿಯಿಂದ ಯಾರೋ ಹಿಡಿದ ಹಾಗೆ. ಅವರು ಅದನ್ನೇ ನಾಲ್ಕು ಸಲ ನೋಡಿದರು.

“ಒಳಗೆ ಏನೂ ಸಿಕ್ಕಿಕೊಂಡಿಲ್ಲ. ಹೊರಗಿನಿಂದ ಏನೋ ಒತ್ತುತ್ತಿದೆ. ಈ ಮಗು ಒಣ ಪದಾರ್ಥ ಯಾವತ್ತಾದರೂ ತಾನಾಗಿ ನುಂಗಿದೆಯಾ?” ಎಂದು ಕೇಳಿದರು.

“ಇಲ್ಲ, ಒಂದು ದಿನಾನೂ ಇಲ್ಲ,” ಎಂದಳು ದೀಕ್ಷಿತಾ.

“ಆದರೆ ಈ ಚೀಟಿಯಲ್ಲಿ ಚಪಾತಿ ತಿನ್ನುತ್ತಾಳೆ ಅಂತ ಬರೆದಿದ್ದಾರಲ್ಲ?”

ಎಲ್ಲರೂ ನನ್ನ ಮುಖ ನೋಡಿದರು. ತುಪ್ಪ ಸಕ್ಕರೆ ಸವರಿತ್ತು, ಆಸೆಗೆ ತಿಂದಿರಬೇಕು ಎಂದೆ. ಪ್ರಾಚಿ ಚೀಟಿಯನ್ನು ಮಡಚಿಟ್ಟರು. ಸಂಭಾಜಿನಗರದಲ್ಲಿ ಮಕ್ಕಳ ಹೃದಯದ ಸರ್ಜನ್ ಇದ್ದಾರೆ, ಅಲ್ಲೇ ಸಿಟಿ ಆಂಜಿಯೋ ಎಂಬ ರಕ್ತನಾಳದ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ ಎಂದು ತಾವೇ ಫೋನ್ ಮಾಡಿ ದಿನ ಗೊತ್ತುಮಾಡಿದರು.

ಸೋಮವಾರ ಹೊರಟೆವು. ಲಾಸಲಗಾಂವ್ ಕಡೆಯ ತಿರುವಿನಲ್ಲಿ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು, ಮುಕ್ಕಾಲು ಗಂಟೆ ಕಾರು ಅಲ್ಲಾಡಲಿಲ್ಲ. ಮಗು ದೀಕ್ಷಿತಾಳ ಭುಜಕ್ಕೆ ಒರಗಿ ಕುತ್ತಿಗೆಯನ್ನು ಹಿಂದಕ್ಕೆ ಚಾಚಿ ಉಸಿರೆಳೆಯುತ್ತಿತ್ತು. ಅದು ಯಾವಾಗಲೂ ಹಾಗೆಯೇ ಮಲಗುವುದು, ನಾವು ಮುದ್ದು ಎಂದುಕೊಂಡಿದ್ದೆವು. ಉಸಿರಿನ ದಾರಿ ಬಿಡಿಸಿಕೊಳ್ಳಲು ಮಗು ತಾನೇ ಕಂಡುಕೊಂಡ ಉಪಾಯ ಅದು ಎಂದು ಇಲ್ಲಿಯ ಡಾಕ್ಟರು ಹೇಳಿದರು. ಇಲ್ಲಿಯ ಚಿಕಲಠಾಣಾದಲ್ಲಿ ಬೀಗರ ಮನೆ ಸೇರಿದಾಗ ಮಧ್ಯಾಹ್ನ. ದೀಕ್ಷಿತಾಳ ಅಪ್ಪ ಚನಬಸಪ್ಪನವರು ಬ್ಯಾಂಕಿನಿಂದ ನಿವೃತ್ತರಾಗಿ ಇಲ್ಲೇ ನೆಲೆ ನಿಂತವರು. ಪಾಪ, ಅವರು ಒಂದು ಪ್ರಶ್ನೆಯನ್ನೂ ಕೇಳದೆ ನಮಗೆ ನೀರು ಕೊಟ್ಟರು.

ನಿನ್ನೆ ಸ್ಕ್ಯಾನ್ ಆಯಿತು. ಅಷ್ಟು ಚಿಕ್ಕ ಮಕ್ಕಳಿಗೆ ಮಂಪರು ಕೊಟ್ಟು ಮಲಗಿಸುವುದು ವಾಡಿಕೆಯಂತೆ. ಇವಳ ಉಸಿರಿನ ದಾರಿ ಮೊದಲೇ ಇಕ್ಕಟ್ಟು, ಮಂಪರಿನಲ್ಲಿ ಪೂರ್ತಿ ಮುಚ್ಚಿಕೊಂಡರೆ ಎಂದು ಅರಿವಳಿಕೆಯ ಡಾಕ್ಟರು ಹಿಂದೆಮುಂದೆ ನೋಡಿದರು. ಎಚ್ಚರದಲ್ಲೇ ತೆಗೆಯೋಣ, ಯಂತ್ರಕ್ಕೆ ಕೆಲವೇ ಸೆಕೆಂಡು ಸಾಕು, ಆದರೆ ಆಗ ಮಗು ಅತ್ತರೆ, ಹೊರಳಿದರೆ ಚಿತ್ರ ಕಲಸಿಹೋಗುತ್ತದೆ ಎಂದರು. ಜೊತೆಗೆ ಒಬ್ಬರು ನಿಲ್ಲಬಹುದು. ದೀಕ್ಷಿತಾ ಬಸುರಿ, ಅವಳನ್ನು ಆ ಬಾಗಿಲ ಹತ್ತಿರವೂ ಬಿಡಲಿಲ್ಲ. ನಮ್ಮ ಯತಿರಾಜ ಸೂಜಿ ಕಂಡರೆ ತಾನೇ ನೆಲಕ್ಕೆ ಒರಗುವ ವೀರ. ಉಳಿದವಳು ನಾನು.

ಸೀಸದ ಏಪ್ರನ್ ತೊಡಿಸಿದರು. ಕಾಶೀನಾಥ ಎಂಬ ಟೆಕ್ನಿಷಿಯನ್ ಮಗುವಿಗೆ ಮೂರು ಸಲ ಅಭ್ಯಾಸ ಮಾಡಿಸಿದ: “ಹಾತ್ ವರ್, ಡೋಳೆ ಮಿಟ್, ಪುತಳಾ ಹೋ.” ಕೈ ಮೇಲೆ, ಕಣ್ಣು ಮುಚ್ಚು, ಗೊಂಬೆಯಾಗಿಬಿಡು. ಅಭ್ಯಾಸದಲ್ಲಿ ನಕ್ಕ ಮಗು ನಿಜವಾಗಿ ಮಲಗಿಸಿದಾಗ ಅಮ್ಮ ಬೇಕೆಂದು ಕಿರುಚಿತು. ಕೈಗೆ ಸೂಜಿ ಹಾಕಿ ಆಗಿತ್ತು, ಔಷಧ ತುಂಬಿ ಆಗಿತ್ತು, ಗಾಜಿನಾಚೆ ಎಲ್ಲರೂ ಕಾಯುತ್ತಿದ್ದರು. ಉಸಿರಿನ ಸದ್ದು ಏರುತ್ತ ಹೋಯಿತು. ನಾನು ಬಗ್ಗಿ, “ಶ್ರೀಜಾ, ಅಲುಗಾಡಬೇಡ,” ಎಂದೆ. ಅವಳು ನನ್ನನ್ನು ನೋಡಿದಳು. ಥಟ್ಟನೆ ಸುಮ್ಮನಾದಳು. ಮಂಚ ಒಳಗೆ ಸರಿಯಿತು, ಯಂತ್ರ ಗಿರ್ರೆಂದಿತು, ಹೊರಗೆ ಬಂತು. ಅವಳ ಒಂದು ಬೆರಳೂ ಮಿಸುಕಿರಲಿಲ್ಲ.

“ಆಜಿ, ಕಮಾಲ್ ಕೇಲೀ!” ಎಂದ ಕಾಶೀನಾಥ. ಅಜ್ಜಿಯ ಒಂದೇ ಮಾತಿಗೆ ಮಗು ಹೇಗೆ ಕೇಳಿತು ನೋಡಿ ಎಂದು ನರ್ಸುಗಳೂ ಹೊಗಳಿದರು.

ಸಂಜೆ ಸರ್ಜನ್ ನಮ್ಮನ್ನು ಕೂರಿಸಿ ಚಿತ್ರ ತೋರಿಸಿದರು. ಕೆಂಪು, ನೀಲಿ ಬಣ್ಣದಲ್ಲಿ ಮಗುವಿನ ಎದೆಯ ಒಳಗು ಪರದೆಯ ಮೇಲೆ ಅವರ ಬೆರಳಿಗೆ ತಕ್ಕ ಹಾಗೆ ತಿರುಗುತ್ತಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎಲ್ಲರಿಗೂ ಒಂದೇ ಕಡೆಯಿಂದ ಬಾಗಿ ಕೆಳಗಿಳಿಯುತ್ತದಂತೆ. ಇವಳದು ಗರ್ಭದಲ್ಲೇ ಎರಡಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಸುತ್ತಿ ಹಿಂದೆ ಹೋಗಿ ಕೂಡಿಕೊಂಡಿದೆ. ಆ ಉಂಗುರದೊಳಗೆ ಉಸಿರಿನ ನಾಳ, ಅನ್ನದ ನಾಳ ಎರಡೂ ಸಿಕ್ಕಿಬಿದ್ದಿವೆ. ಬಹಳ ಅಪರೂಪ ಎಂದರು. ಹಾಗಾದರೆ ಎಕೋದಲ್ಲಿ ಯಾಕೆ ಕಾಣಲಿಲ್ಲ ಎಂದು ಯತಿರಾಜ ಕೇಳಿದ. ಅಂದು ನೋಡಿದ್ದು ಹೃದಯದ ಒಳಗನ್ನು, ತೊಂದರೆ ಇರುವುದು ಹೃದಯದ ಹೊರಗೆ, ಗಾಳಿ ತುಂಬಿದ ಶ್ವಾಸಕೋಶ ಅಡ್ಡವಿದ್ದರೆ ಆ ಜಾಗ ಎಕೋಗೆ ಸುಲಭಕ್ಕೆ ಸಿಗುವುದಿಲ್ಲ ಎಂದರು. ಎಡಗಡೆಯ ನಾಳ ಸಣ್ಣದು, ಅದನ್ನು ಕತ್ತರಿಸಿ ಉಂಗುರ ಬಿಡಿಸುತ್ತಾರಂತೆ. ಯಾವುದು ಸಣ್ಣದೆಂದು ಈ ಚಿತ್ರವಿಲ್ಲದೆ ಗೊತ್ತಾಗುತ್ತಿರಲಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ಚನಬಸಪ್ಪನವರು ಕೇಳಿದರು. ಇನ್ನೊಂದು ನೆಗಡಿ, ಇನ್ನೊಂದು ತುತ್ತು ಸಾಕು ಎಂದರು ಸರ್ಜನ್.

ನಮ್ಮವರು ಹೋಟೆಲಿಗೆ ಬೀಗ ಹಾಕಿ ನಾಳೆ ಬೆಳಗ್ಗೆ ಇಲ್ಲಿಗೆ ಬರುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಆ ಬಾಗಿಲು ಹೀಗೆ ಮುಚ್ಚಿದ್ದಿಲ್ಲ. ಮಗುವಿನ ಹೆಸರು ಹೇಳಿ ದೇವರಿಗೆ ಕೈ ಮುಗಿ ಅಕ್ಕ. ನನಗೆ ಹೆದರಿಕೆಯಾಗುತ್ತಿದೆ.

ನಿನ್ನ
ಗುಣವತಿ

•

ನಾಸಿಕ್
16 ಫೆಬ್ರವರಿ 2025, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. ಮಗು ಬದುಕಿದೆ ಎಂದು ಯತಿರಾಜ ನಿನ್ನ ಮೊಮ್ಮಗನ ಫೋನಿಗೆ ಮೆಸೇಜ್ ಹಾಕಿದ್ದ. ಅಷ್ಟು ಸಾಲದು, ವಿವರ ಬರೆ ಎಂದು ನೀನು ಗದರಿಸಿದ್ದೀ. ಬರೆಯುತ್ತೇನೆ.

ಎಂಟು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಮೂರು ಗಂಟೆಯ ಕೆಲಸ ಎಂದಿದ್ದರು. ಹನ್ನೊಂದಾಯಿತು, ಹನ್ನೆರಡಾಯಿತು. ಯಾರೂ ಹೊರಗೆ ಬರಲಿಲ್ಲ. ನಮ್ಮವರು ಗೋಡೆಯ ಗಡಿಯಾರಕ್ಕೆ ಬೆನ್ನು ಮಾಡಿ ಕೂತರು. ದೀಕ್ಷಿತಾ ನನ್ನ ಪಕ್ಕಕ್ಕೆ ಸರಿದು ನನ್ನ ಕೈ ಹಿಡಿದುಕೊಂಡಳು.

“ನೀವು ಒಳಗ ನಿಂತಿದ್ರಿ ಅಂತ ಆ ಫೋಟೋ ಬಂತ್ರಿ ಅತ್ತಿ. ನಾ ಆಗಿದ್ರ ಕೂಸಿನ ಕೂಡ ಅತ್ತುಬಿಡ್ತಿದ್ದೆ,” ಎಂದಳು.

ನನಗೆ ಕೈ ಬಿಡಿಸಿಕೊಳ್ಳಬೇಕೆನಿಸಿತು. ಬಿಡಿಸಿಕೊಳ್ಳಲಿಲ್ಲ. ಹನ್ನೆರಡೂ ಕಾಲಿಗೆ ಸರ್ಜನ್ ಟೊಪ್ಪಿಗೆ ತೆಗೆಯುತ್ತ ಬಂದರು. ಉಂಗುರ ಬಿಟ್ಟಿದೆ ಎಂದರು. ಕತ್ತರಿಸಬೇಕಾದ ನಾಳದ ಹತ್ತಿರ ಒಂದು ನರ ಅಂಟಿಕೊಂಡಿತ್ತಂತೆ, ಅದನ್ನು ಉಳಿಸಲು ಹೊತ್ತು ಹಿಡಿಯಿತಂತೆ. ಎರಡು ದಿನ ಯಂತ್ರವೇ ಉಸಿರಾಡಿಸಿತು. ನಳಿಕೆ ತೆಗೆದ ಮೇಲೆ ಮಗು ಅತ್ತಿತು, ಬರೀ ಅಳು. ನಾಲ್ಕು ವರ್ಷದಿಂದ ಅಳುವಿನ ಕೆಳಗೆ ಕೇಳುತ್ತಿದ್ದ ಆ ಗೊರಗೊರ ಅರ್ಧಕ್ಕರ್ಧ ಇಳಿದಿತ್ತು. ಪೂರ್ತಿ ಹೋಗಲು ತಿಂಗಳುಗಳು ಬೇಕಂತೆ, ಒತ್ತಿ ಒತ್ತಿ ಉಸಿರಿನ ನಾಳ ಮೆತ್ತಗಾಗಿದೆಯಂತೆ. ದೀಕ್ಷಿತಾಳ ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನೂ ಸ್ಕ್ಯಾನಿನಲ್ಲಿ ನೋಡಿದರು. ಅಲ್ಲಿ ಎಲ್ಲ ಸರಿಯಾಗಿದೆ.

ಮನೆಗೆ ಬಂದು ಹತ್ತು ದಿನವಾಯಿತು. ಮೊನ್ನೆ ಚನಬಸಪ್ಪನವರು ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದರು. ಶ್ರೀಜಾ ಉಗುರಿನಷ್ಟು ಚೂರು ಅಗಿದು ನುಂಗಿದಳು. ಮತ್ತೆ ಇನ್ನೊಂದು. ಬೀಗರು ಕಣ್ಣೊರೆಸಿಕೊಂಡರು.

“ಆ ಚಪಾತಿ ತುಂಡ ದೇವರಾಗಿ ಬಂತ್ರಿ ಅಕ್ಕಾರ. ಅದು ಸಿಕ್ಕೊಳ್ಳದಿದ್ರ ನಮಗ ಈ ಬ್ಯಾನಿ ಗೊತ್ತಽ ಆಗ್ತಿರಲಿಲ್ಲ,” ಎಂದರು.

ಈಗ ನಮ್ಮವರು ಹೋಟೆಲಿಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಾರೆ. ಚಹಾ ಕುಡಿಯಲು ಬರುವ ಅಂಬಡ್‌ನ ಫಿಟ್ಟರುಗಳಿಗೂ ನಮ್ಮ ಮನೆಯ ಚಪಾತಿಯ ಮಹಿಮೆ ಗೊತ್ತು. ಮಗುವನ್ನು ಎತ್ತಿಕೊಂಡು ಓಡಿದ, ಸೀಸದ ಏಪ್ರನ್ ಹೊತ್ತು ನಿಂತ ನಾನು ದೊಡ್ಡ ಮನುಷ್ಯಳಾಗಿದ್ದೇನೆ.

ನಿನ್ನೆ ಡಾಕ್ಟರ್ ಪ್ರಾಚಿ ಫೋನ್ ಮಾಡಿದ್ದರು. ವೈದ್ಯರ ಒಂದು ಸಭೆಯಲ್ಲಿ ಶ್ರೀಜಾಳ ಚಿತ್ರಗಳನ್ನು ತೋರಿಸುತ್ತಾರಂತೆ, ಹೆಸರು ಹೇಳುವುದಿಲ್ಲ, ಒಪ್ಪಿಗೆ ಬೇಕು ಎಂದರು. ಯತಿರಾಜ ಒಪ್ಪಿದ. ಡಿಸೆಂಬರಿನ ಆ ಚೀಟಿಯಲ್ಲಿ ‘ಚಪಾತಿ ತಿನ್ನುತ್ತಾಳೆ’ ಎಂದು ಇರದಿದ್ದರೆ ಅಂದೇ ತಮ್ಮ ಹತ್ತಿರ ಕಳಿಸುತ್ತಿದ್ದರು, ಮೂರು ವಾರ ಹಾಳಾಯಿತು, ಮಗು ಗಟ್ಟಿ, ಉಳಿದುಕೊಂಡಿತು ಎಂದೂ ಹೇಳಿದರು. ಫೋನ್ ಸ್ಪೀಕರಿನಲ್ಲಿತ್ತು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ.

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಕೊಳ್ಳಲು ಸೋಮಾರಿತನ ಮಾಡಬೇಡ. ನಿನ್ನ ಮೊಮ್ಮಕ್ಕಳು ನೂರು ವರ್ಷ ಹೊಟ್ಟೆ ತುಂಬ ಉಂಡು ಸುಖವಾಗಿರಲಿ ಎಂದು ಈ ಅಜ್ಜಿ ಹರಸಿದಳೆಂದು ಹೇಳು. ನೀನು ನನ್ನನ್ನು ಹರಸು.

ನಿನ್ನ ತಂಗಿ
ಗುಣವತಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಅಕ್ಕ, ಆ ಚಪಾತಿಯನ್ನು ಶ್ರೀಜಾ ತಾನಾಗಿ ತಿಂದದ್ದಲ್ಲ. ಅಂದು ಬೆಳಿಗ್ಗೆ ದೀಕ್ಷಿತಾ, ಸೋನೋಗ್ರಫಿ ಮುಗಿಸಿ ಬಂದು ಕೂಸನ್ನೂ ಡಾಕ್ಟರಿಗೆ ತೋರಿಸುತ್ತೇನೆ, ಇಷ್ಟು ದಿನ ನಿಮ್ಮ ಮಾತು ಕೇಳಿದ್ದು ಸಾಕು ಎಂದಿದ್ದಳು. ನನಗೆ ಉರಿಯಿತು. ಅವರು ಹೋದ ಕೂಡಲೇ ಹಿಟ್ಟು ಕಲಸಿ ಒಂದು ಚಪಾತಿ ಮಾಡಿದೆ. ಮಗುವನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿದೆ. ಅವಳು ತುಂಡನ್ನು ಕೆನ್ನೆಯಲ್ಲಿಟ್ಟುಕೊಂಡು ಅಳತೊಡಗಿದಳು. ನಾನು ಎಡಗೈಯಲ್ಲಿ ಮೂಗು ಹಿಡಿದು, ಬಲಗೈ ಬೆರಳಿನಿಂದ ಒಳಗೆ ನೂಕಿ, “ಅಲುಗಾಡಬೇಡ, ನುಂಗು,” ಎಂದೆ. ಸಂಜೆ ಸೊಸೆಗೆ ‘ನೋಡು, ತಿಂದಳು’ ಎಂದು ಹೇಳಬೇಕಿತ್ತು, ಅಷ್ಟೇ. ದಿನಾ ತಿನ್ನುತ್ತಾಳೆ ಎಂದು ಡಾಕ್ಟರಿಗೆ ಹೇಳಿದ್ದೂ ನಾನೊಬ್ಬಳೇ. ‘ಎಂದೆವು’ ಎಂದು ನಿನಗೆ ಬರೆದದ್ದು ಸುಳ್ಳು. ಹಾಗೆ ಹೇಳುವಾಗ ಮಗು ನನ್ನ ತೊಡೆಯ ಮೇಲೆ ಎಚ್ಚರವಾಗಿತ್ತು. ಸ್ಕ್ಯಾನಿನ ಕೋಣೆಯಲ್ಲಿ ಅವಳು ಮಿಸುಕದೆ ಮಲಗಿದ್ದು ನನ್ನ ಮೇಲಿನ ಪ್ರೀತಿಗಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದ್ದೆ.

ಇವತ್ತು ಮಧ್ಯಾಹ್ನ ದೀಕ್ಷಿತಾ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಶ್ರೀಜಾ ಬಾಗಿಲ ಕಡೆ ನೋಡಿ, ನನ್ನ ಕಿವಿಗೆ ಬಾಯಿ ತಂದು, “ಅಜ್ಜಿ, ನಾನು ಯಾರಿಗೂ ಹೇಳ್ಲಿಲ್ಲ,” ಎಂದಳು. ಆಮೇಲೆ ಕೈ ಎರಡನ್ನೂ ಮೇಲೆತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದು ಕೂತಳು.

ನನ್ನ ಸುಳ್ಳನ್ನು ಅವಳು ಆಪರೇಷನ್ನಿಗೂ ಹೊತ್ತುಕೊಂಡು ಹೋಗಿದ್ದಾಳೆ. ಇದನ್ನೆಲ್ಲ ಹೇಳಲೆಂದು ಈಗ ದೀಕ್ಷಿತಾಳನ್ನು ಕರೆದಿದ್ದೇನೆ. “ಬಂದ್ನಿ ಅತ್ತಿ, ಕೈ ತೊಳಕೊಂಡು,” ಎಂದಳು. ನಲ್ಲಿಯ ಸದ್ದು ನಿಂತಿದೆ, ಬರುತ್ತಿದ್ದಾಳೆ.